ಹದಿಮೂರು ವರ್ಷ ಕಾದದ್ದು ನೀವು, ಪಾಪು ಅಲ್ಲ

ಪ್ರಶ್ನೆ: ನನಗೆ 41 ವರ್ಷ, ನಮ್ಮ ಯಜಮಾನರಿಗೆ 43. ಕೋಲಾರದಲ್ಲಿದ್ದೇವೆ. ಮದುವೆಯಾಗಿ 13 ವರ್ಷ. ಮೊದಲೆಲ್ಲ ಬೆಂಗಳೂರಿನ ಆಸ್ಪತ್ರೆಗಳಿಗೆ ಅಲೆದೆವು, ಎರಡು ಸಲ ಐವಿಎಫ್ ಮಾಡಿಸಿದರೂ ನಿಲ್ಲಲಿಲ್ಲ. ಆಮೇಲೆ ದತ್ತು ಪಡೆಯಲು ಹೆಸರು ನೋಂದಾಯಿಸಿ ಮೂರೂವರೆ ವರ್ಷ ಕಾದೆವು. ಈ ಅಕ್ಟೋಬರ್‌ನಲ್ಲಿ ಬೇರೆ ಜಿಲ್ಲೆಯ ದತ್ತು ಸಂಸ್ಥೆಯಿಂದ ಎಂಟು ತಿಂಗಳ ಹೆಣ್ಣು ಮಗು ಬಂದಳು. ಜಿಲ್ಲಾಧಿಕಾರಿಗಳ ಆದೇಶ ಇನ್ನೂ ಬಂದಿಲ್ಲ. ನಾವು ಕ್ಯಾಥೊಲಿಕರು. ಇದು ಅವಳ ಜೊತೆ ಮೊದಲ ಕ್ರಿಸ್‌ಮಸ್. ನಡುರಾತ್ರಿ ಪೂಜೆಗೆ ಎತ್ತಿಕೊಂಡು ಹೋಗಿ ಎಲ್ಲರಿಗೂ ತೋರಿಸಬೇಕು, 25ರಂದೇ ದೀಕ್ಷಾಸ್ನಾನ ಮಾಡಿಸಬೇಕು, ಮಧ್ಯಾಹ್ನ ನೂರು ಜನಕ್ಕೆ ಊಟ ಹಾಕಬೇಕು ಅನ್ನೋದು ಅತ್ತೆಯ ಆಸೆ, ಯಜಮಾನರದ್ದೂ. ನನಗೆ ಯಾಕೋ ಸಂತೋಷವೇ ಆಗುತ್ತಿಲ್ಲ ಡಾಕ್ಟ್ರೇ. ಎತ್ತಿಕೊಂಡರೆ ಬೆನ್ನು ಸೆಟೆದುಕೊಳ್ಳುತ್ತಾಳೆ. ಪಕ್ಕದ ಮನೆಯವರು ಕೈ ಚಾಚಿದರೆ ಹೋಗುತ್ತಾಳೆ. ರಾತ್ರಿ ಎರಡು ಗಂಟೆಗೆ ಎದ್ದು ಅಳುತ್ತಾಳೆ. ಸಂಸ್ಥೆಯಿಂದ ಅವಳ ಜೊತೆ ಒಂದು ಹಳೇ ಟವಲ್ ಬಂದಿದೆ. ಅತ್ತೆ ಅದನ್ನು ಬಿಸಾಡಲು ಹೇಳಿದರು, ನಾನು ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ. ನೆಂಟರಿಗೆ ದತ್ತು ಅಂತ ಹೇಳಬೇಕೋ ಬೇಡವೋ ಅದೂ ಗೊತ್ತಾಗುತ್ತಿಲ್ಲ. ನಾನು ತಾಯಿಯಾಗಲು ಲಾಯಕ್ಕಿಲ್ಲವೇ?

ಉತ್ತರ: ಮೊದಲು ಆ ಟವಲ್ ವಿಷಯ ಮುಗಿಸೋಣ ಅಮ್ಮ. ಇವತ್ತೇ ಬೀರುವಿನಿಂದ ತೆಗೆಯಿರಿ. ಒಗೆಯಬೇಡಿ. ಹಾಲು ಕುಡಿಸುವಾಗ, ಮಲಗಿಸುವಾಗ ನಿಮ್ಮ ಹೆಗಲ ಮೇಲೆ ಹಾಕಿಕೊಳ್ಳಿ, ಪಾಪುವಿನ ಕೆನ್ನೆ ಅದಕ್ಕೆ ತಾಗಲಿ. ನಿದ್ದೆ ಹತ್ತಿದ ಮೇಲೆ ಪಕ್ಕಕ್ಕೆ ತೆಗೆದಿಡಿ, ಏಕೆಂದರೆ ಒಂದು ವರ್ಷ ತುಂಬುವ ತನಕ ಮಲಗುವ ಜಾಗದಲ್ಲಿ ಸಡಿಲ ಬಟ್ಟೆಯಾಗಲಿ ದಿಂಬಾಗಲಿ ಇರಬಾರದು. ತೀರಾ ಕೊಳೆಯಾಗಿದ್ದರೆ ಕತ್ತರಿಸಿ ಎರಡು ತುಂಡು ಮಾಡಿ, ಒಂದನ್ನು ಒಗೆದು ಇನ್ನೊಂದನ್ನು ಹಾಗೇ ಬಿಡಿ. ನಿಮ್ಮತ್ತೆಗೆ ಅದು ಹಳೇ ಬಟ್ಟೆ. ಪಾಪುವಿಗೆ ಎಂಟು ತಿಂಗಳ ತನ್ನ ಮನೆಯಿಂದ ಉಳಿದಿರುವ ವಾಸನೆ ಅದೊಂದೇ.

ನಿಮ್ಮ ಪತ್ರದ ಉಳಿದ ಪ್ರಶ್ನೆಗಳಿಗೆಲ್ಲ ಬೇರು ಇಲ್ಲೇ ಇದೆ. ನೀವು ಹದಿಮೂರು ವರ್ಷ ಇವಳಿಗಾಗಿ ಕಾದಿರಿ. ಇವಳು ನಿಮಗಾಗಿ ಕಾದಿರಲಿಲ್ಲ. ಸಂಸ್ಥೆಯಲ್ಲಿ ಒಬ್ಬ ಆಯಾ ಇದ್ದಿರಬೇಕು, ಆಕೆಯ ಬಳೆ ಸದ್ದು ಇವಳಿಗೆ ಗೊತ್ತಿತ್ತು. ಪಕ್ಕದ ತೊಟ್ಟಿಲಿನ ಮಗು ಕೆಮ್ಮುವುದು ಗೊತ್ತಿತ್ತು, ಗೋಡೆಯ ಬಣ್ಣ ಗೊತ್ತಿತ್ತು. ಒಂದು ದಿನ ಯಾರೋ ಇಬ್ಬರು ಬಂದು ಎತ್ತಿಕೊಂಡು ಕಾರು ಹತ್ತಿದರು, ಮರುದಿನ ಎದ್ದರೆ ಒಂದು ಮುಖವೂ ಗೊತ್ತಿದ್ದುದಲ್ಲ. ನಿಮಗೆ ಹಬ್ಬವಾದ ದಿನ ಅವಳಿಗೆ ಎಲ್ಲ ಕಳೆದುಹೋದ ದಿನ. ರಾತ್ರಿ ಎರಡು ಗಂಟೆಯ ಅಳು ಹಲ್ಲಿನದೂ ಇರಬಹುದು, ಹೊಟ್ಟೆಯದೂ ಇರಬಹುದು, ಅದನ್ನು ನಾನು ಪರೀಕ್ಷೆ ಮಾಡಿಯೇ ಹೇಳಬೇಕು. ಆದರೆ ಬಂದ ಎರಡು ತಿಂಗಳಲ್ಲಿ ಇಂಥ ಅಳುವಿನಲ್ಲಿ ಬಹುಪಾಲು ಹುಡುಕಾಟ ಇರುತ್ತದೆ. ಸಮಾಧಾನ ಮಾಡಿ ನಿಲ್ಲಿಸಲೇಬೇಕು ಅಂತಿಲ್ಲ. ಎತ್ತಿಕೊಂಡು, ದೀಪ ಹಾಕದೆ, ಅದೇ ಕೋಣೆಯಲ್ಲಿ ಅದೇ ಹಾಡು ಗುನುಗುತ್ತ ಕೂತಿರಿ. ನಿಲ್ಲಿಸುವುದಕ್ಕಿಂತ ಜೊತೆಗಿರುವುದು ಮುಖ್ಯ.

ಪಕ್ಕದ ಮನೆಯವರ ಹತ್ತಿರ ಸಲೀಸಾಗಿ ಹೋಗುತ್ತಾಳೆ, ನನ್ನ ಹತ್ತಿರ ಸೆಟೆದುಕೊಳ್ಳುತ್ತಾಳೆ ಅಂದಿರಿ. ಇದು ನಿಮ್ಮನ್ನು ಬೇಡ ಅಂದದ್ದಲ್ಲ. ಮನೆಯಲ್ಲೇ ಹುಟ್ಟಿ ಬೆಳೆದ ಮಗು ಎಂಟರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೊಸಬರನ್ನು ಕಂಡರೆ ಅಮ್ಮನ ಸೆರಗು ಹಿಡಿದು ಕಿರುಚುತ್ತದೆ. ಅಮ್ಮ ಯಾರು, ಉಳಿದವರು ಯಾರು ಅಂತ ಲೆಕ್ಕ ಗೊತ್ತಾಗಿರುವುದಕ್ಕೆ ಆ ಕಿರುಚಾಟ. ಪಾಳಿಯ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗು ಯಾರು ಬಂದರೂ ಹೋಗುತ್ತದೆ. ನೆಂಟರು ನೋಡಿ ‘ಎಷ್ಟು ಒಳ್ಳೇ ಪಾಪು, ಯಾರ ಹತ್ತಿರ ಹೋದರೂ ಅಳಲ್ಲ’ ಅನ್ನುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಕಸಿವಿಸಿಯಾಗುತ್ತದೆ. ನಿಮ್ಮ ಕೈಯಲ್ಲಿ ಸೆಟೆದುಕೊಳ್ಳುವ ಕಾರಣವೂ ಇಷ್ಟೇ: ನೀವು ಅವಳನ್ನು ಎದೆಗೊತ್ತಿ ಬಹಳ ಹೊತ್ತು ಹಿಡಿಯುತ್ತೀರಿ, ಪಕ್ಕದ ಮನೆಯವರು ಎರಡು ನಿಮಿಷ ಆಡಿಸಿ ಇಳಿಸುತ್ತಾರೆ. ಅಷ್ಟು ಹೊತ್ತು ಅಪ್ಪಿಕೊಂಡಿರುವುದು ಅವಳಿಗೆ ಅಭ್ಯಾಸವೇ ಇಲ್ಲ.

ಒಂದು ಕೆಲಸ ಮಾಡಿ. ನಾಳೆ ಹಾಲು ಕುಡಿಸುವಾಗ ಅವಳ ಕಣ್ಣು ಎಲ್ಲಿದೆ ನೋಡಿ. ಒಬ್ಬಳೇ ಆಯಾ ಎಂಟು ಹತ್ತು ಮಕ್ಕಳನ್ನು ನೋಡಿಕೊಳ್ಳಬೇಕಾದ ಕಡೆ ಎಲ್ಲರನ್ನೂ ತೊಡೆಯ ಮೇಲೆ ಹಾಕಿಕೊಂಡು ಕುಡಿಸಲು ಆಗುವುದಿಲ್ಲ. ಬಾಟಲಿಯನ್ನು ಮಡಚಿದ ಬಟ್ಟೆಗೆ ಆನಿಸಿ ಇಟ್ಟು ಮುಂದಿನ ತೊಟ್ಟಿಲಿಗೆ ಹೋಗುತ್ತಾರೆ. ಮಗು ಸೂರು ನೋಡುತ್ತ ಕುಡಿಯುತ್ತದೆ. ನನ್ನ ಕ್ಲಿನಿಕ್ಕಿನಲ್ಲಿ ಇಂಥ ಮಕ್ಕಳು ಹೊಸ ಅಮ್ಮನ ತೊಡೆಯ ಮೇಲಿದ್ದೂ ಟ್ಯೂಬ್‌ಲೈಟ್ ನೋಡುತ್ತ ಕುಡಿಯುವುದನ್ನು ಕಂಡಿದ್ದೇನೆ. ಕೈ ಬಾಟಲಿಯ ಮೇಲೆ ಬಿಗಿಯಾಗಿರುತ್ತದೆ, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ. ನೀವು ಬಲವಂತವಾಗಿ ಮುಖ ತಿರುಗಿಸಬೇಡಿ. ಸುಮ್ಮನೆ ಪ್ರತಿ ಸಲವೂ ನೀವೇ, ಅದೇ ಕುರ್ಚಿಯಲ್ಲಿ, ಅದೇ ಮಗ್ಗುಲಲ್ಲಿ ಕೂತು ಕುಡಿಸಿ. ಒಂದು ದಿನ ಕಣ್ಣು ಸೂರಿನಿಂದ ಜಾರಿ ನಿಮ್ಮ ಮೂಗುತಿಯ ಮೇಲೆ ನಿಲ್ಲುತ್ತದೆ, ಅರೆಕ್ಷಣ. ಮತ್ತೆ ಹೋಗುತ್ತದೆ. ಇನ್ನೊಂದು ವಾರಕ್ಕೆ ಕುಡಿಯುವುದನ್ನು ನಿಲ್ಲಿಸಿ, ಬಾಯಿ ತುಂಬ ಹಾಲಿಟ್ಟುಕೊಂಡು ನಿಮ್ಮನ್ನೇ ನೋಡುತ್ತಾಳೆ. ಇದಕ್ಕೆ ಎಷ್ಟು ದಿನ ಅಂತ ನಾನು ಹೇಳಲಾರೆ. ಒಬ್ಬೊಬ್ಬರದು ಒಂದೊಂದು ಲೆಕ್ಕ.

ಹೀಗಾಗಿ ಇನ್ನೊಂದಷ್ಟು ತಿಂಗಳು ಹಾಲು ಕುಡಿಸುವುದು, ಸ್ನಾನ, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು ನೀವು ಮತ್ತು ಯಜಮಾನರು ಇಬ್ಬರೇ. ಉಳಿದವರು ಆಡಿಸಲಿ, ಮಾತಾಡಿಸಲಿ, ಆದರೆ ಕೂತಲ್ಲಿಂದ. ನಿಮ್ಮತ್ತೆಗೆ ಇದು ನೋವಾಗುತ್ತದೆ, ಅವರೂ ಹದಿಮೂರು ವರ್ಷ ಕಾದವರೇ ತಾನೆ. ‘ನೀವು ಮುಟ್ಟಬೇಡಿ’ ಅನ್ನಬೇಡಿ. ‘ಡಾಕ್ಟ್ರು ಹೇಳಿದ್ದಾರೆ’ ಅಂತ ನನ್ನ ಮೇಲೆ ಹಾಕಿ. ಅವರಿಗೆ ರಾಗಿ ಸರಿಯ ಜವಾಬ್ದಾರಿ ಕೊಡಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬಟ್ಟೆಯಲ್ಲಿ ಜರಡಿ ಹಿಡಿಯುವುದು ನಮ್ಮ ಕೋಲಾರದ ಅಜ್ಜಿಯರಿಗೆ ಬಂದ ಹಾಗೆ ಇನ್ಯಾರಿಗೂ ಬರುವುದಿಲ್ಲ. ಸಕ್ಕರೆ, ಉಪ್ಪು ಬೇಡ ಅಂತ ಮಾತ್ರ ಹೇಳಿ.

ಇನ್ನು ನಿಮ್ಮ ಸಂತೋಷದ ಮಾತು. ಹೆತ್ತ ತಾಯಂದಿರಿಗೆ ಮಾತ್ರ ಮನಸ್ಸು ಕುಗ್ಗುತ್ತದೆ ಅಂತ ಜನ ತಿಳಿದಿದ್ದಾರೆ. ದತ್ತು ತಂದ ಅಮ್ಮಂದಿರಿಗೂ, ಅಪ್ಪಂದಿರಿಗೂ ಆಗುತ್ತದೆ. ಹೆತ್ತವಳಿಗೆ ಬಾಣಂತನ ಅಂತ ಒಂದಿದೆ. ತವರಿನವರು ಬರುತ್ತಾರೆ, ಬಿಸಿ ನೀರು ಹಾಕುತ್ತಾರೆ, ಮೂರು ತಿಂಗಳು ಕೂರಿಸಿ ಉಣಿಸುತ್ತಾರೆ. ನಿಮಗೆ ಅದ್ಯಾವುದೂ ಇಲ್ಲ. ಒಂದು ದಿನ ಫೋನ್ ಬಂತು, ನಲವತ್ತೆಂಟು ಗಂಟೆಯೊಳಗೆ ಹೂಂ ಅನ್ನಬೇಕಿತ್ತು, ಅಂದಿರಿ, ಓಡಿ ಹೋಗಿ ತಂದಿರಿ, ಮರುದಿನದಿಂದ ನಿದ್ದೆ ಇಲ್ಲ. ಜೊತೆಗೆ ಇಷ್ಟು ವರ್ಷ ಬೇಡಿ ಪಡೆದದ್ದನ್ನು ಕೈಯಲ್ಲಿಟ್ಟುಕೊಂಡು ಸುಸ್ತಾಗಿದೆ ಅನ್ನಲೂ ಬಾಯಿ ಬರುವುದಿಲ್ಲ. ಐವಿಎಫ್‌ನಲ್ಲಿ ನಿಲ್ಲದೇ ಹೋದದ್ದಕ್ಕೆ ನೀವು ಅತ್ತಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಅಳದಿದ್ದರೆ ಆ ಅಳು ಈಗ ಬರುತ್ತದೆ, ಮಗು ಮಡಿಲಲ್ಲಿ ಇರುವಾಗಲೇ. ಅದಕ್ಕೂ ಈ ಮಗುವಿಗೂ ಸಂಬಂಧವಿಲ್ಲ. ಲಾಯಕ್ಕಿಲ್ಲದವಳು ಟವಲ್ ಬಚ್ಚಿಡುತ್ತಿರಲಿಲ್ಲ ಅಮ್ಮ.

ಆದರೂ ಒಂದು ಗೆರೆ ಹಾಕುತ್ತೇನೆ. ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಗು ಮಲಗಿದ್ದಾಗಲೂ ನಿಮಗೆ ನಿದ್ದೆ ಬಾರದಿರುವುದು, ಇದು ಎರಡು ವಾರ ದಾಟಿದ್ದರೆ ಮನೋವೈದ್ಯರನ್ನು ಕಾಣಬೇಕು. ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಮನೆಯಿಂದಲೇ ಮಾತಾಡಬೇಕಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆಯೋ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಭಯವೋ ಬಂದರೆ ಆ ಗಳಿಗೆಯಲ್ಲೇ ಯಜಮಾನರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಈಗ ಹಬ್ಬಕ್ಕೆ ಬರೋಣ. ನಾನು ಕ್ರೈಸ್ತಳಲ್ಲ, ಆದರೆ ಬೆಳೆದದ್ದು ಕೆಜಿಎಫ್‌ನ ಗಣಿ ಕ್ವಾರ್ಟರ್ಸ್‌ನಲ್ಲಿ. ಡಿಸೆಂಬರ್ ಬಂತೆಂದರೆ ಸಾಲು ಮನೆಗಳ ಮುಂದೆ ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ, ಒಳಗೆ ಒಂದು ಬಲ್ಬು. ಪಕ್ಕದ ಮನೆಯ ಆಂಟಿ ಅಚ್ಚು ಮುರುಕು ಕರಿಯುವಾಗ ಕಬ್ಬಿಣದ ಅಚ್ಚನ್ನು ಎಣ್ಣೆಯಿಂದ ಎತ್ತಿ ಒಂದು ಏಟು ಕೊಡುತ್ತಿದ್ದರು, ಹೂವು ಕಳಚಿ ಎಣ್ಣೆಗೆ ಬೀಳುತ್ತಿತ್ತು. ದೀಪಾವಳಿಗೆ ನಮ್ಮ ಮನೆಯಿಂದ ಹೋದ ಕಜ್ಜಾಯದ ತಟ್ಟೆ ಕ್ರಿಸ್‌ಮಸ್‌ಗೆ ಮುರುಕು ಹೊತ್ತು ವಾಪಸ್ ಬರುತ್ತಿತ್ತು. ಹಾಗಾಗಿ ಹಬ್ಬ ಬಿಡಿ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಅದನ್ನು ಪಾಪುವಿನ ಅಳತೆಗೆ ಕತ್ತರಿಸಬೇಕು ಅಷ್ಟೇ.

ನಡುರಾತ್ರಿ ಪೂಜೆ ಬೇಡ. ಡಿಸೆಂಬರ್ ಕೊನೆಯಲ್ಲಿ ನಮ್ಮೂರಿನ ರಾತ್ರಿ ಹದಿನೈದು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಮೇಲೆ ಅಂತರಗಂಗೆ ಬೆಟ್ಟದ ಕಡೆಯ ಗಾಳಿ. ಚಳಿಗಿಂತ ನನಗೆ ಹೆದರಿಕೆ ಇರುವುದು ಜನಜಂಗುಳಿಯ ಕೆಮ್ಮು ನೆಗಡಿಯದು, ಧೂಪದ ಹೊಗೆಯದು, ಗಾಢ ನಿದ್ದೆಯಿಂದ ಎಬ್ಬಿಸಿ ಸ್ಪೀಕರ್ ಮುಂದೆ ನಿಲ್ಲಿಸುವುದರದು. ನಿಮಗೆ ನಾನು ಹೇಳಿಕೊಡಬೇಕಿಲ್ಲ, ಕ್ರಿಸ್‌ಮಸ್‌ಗೆ ಇರುವುದು ಒಂದೇ ಪೂಜೆಯಲ್ಲ: 24ರ ಸಂಜೆಯ ಜಾಗರಣೆಯದು, ನಡುರಾತ್ರಿಯದು, ಮುಂಜಾನೆಯದು, ಹಗಲಿನದು. ನಿಮ್ಮ ಚರ್ಚಿನಲ್ಲಿ ಸಂಜೆಯ ಪೂಜೆ ಇದ್ದರೆ ಅದಕ್ಕೆ ಹೋಗಿ, ಇಲ್ಲದಿದ್ದರೆ 25ರ ಬೆಳಿಗ್ಗೆ ಬಿಸಿಲೇರಿದ ಮೇಲಿನದಕ್ಕೆ. ಪಕ್ಕದ ಬಾಗಿಲ ಹತ್ತಿರ ಕೂರಿ, ಅತ್ತರೆ ಎದ್ದು ಹೊರಗೆ ಬನ್ನಿ. ನೀವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು. ಕೈ ಕಾಲು ಮುಟ್ಟಿ ಲೆಕ್ಕ ಹಾಕಬೇಡಿ, ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ತೆಗೆಯಿರಿ. ಎತ್ತಿಕೊಳ್ಳಲು ಕೈ ಚಾಚಿದವರಿಗೆ ‘ಈಗಷ್ಟೇ ನಿದ್ದೆಯಿಂದ ಎದ್ದಿದ್ದಾಳೆ’ ಅನ್ನಿ. ಈ ಸುಳ್ಳಿಗೆ ಪಾಪವಿಲ್ಲ.

ಸಂಜೆಯ ಪೂಜೆಯನ್ನೇ ಮೊದಲು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಬಹಳ ವರ್ಷ ನನ್ನ ಜೊತೆ ಕೆಲಸ ಮಾಡಿದ ಸಿಸ್ಟರ್ ಒಬ್ಬರು ತಿಳಿಸಿದ್ದು ಇದು. ಆ ಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಹಿಡಿದು ದಾವೀದನ ಮೂಲಕ ಇಳಿದು ಇಳಿದು ಅದು ಬಂದು ನಿಲ್ಲುವುದು ಮೇರಿಯ ಪತಿ ಜೋಸೆಫರ ಹತ್ತಿರ, ಅಂದರೆ ಮಗುವಿಗೆ ರಕ್ತ ಕೊಡದವರ ಹತ್ತಿರ. ಮಗುವಿಗೆ ಹೆಸರಿಡು ಅಂತ ದೂತನು ಹೇಳುವುದೂ ಅವರಿಗೇ, ಇಡುವವರೂ ಅವರೇ. ‘ಹೆಸರಿಟ್ಟ ಮೇಲೆ ಅಪ್ಪ, ಮುಗೀತು’ ಅನ್ನುತ್ತಿದ್ದರು ಸಿಸ್ಟರ್, ಸಿರಿಂಜ್ ತುಂಬಿಕೊಳ್ಳುತ್ತ. ನಿಮ್ಮತ್ತೆಗೆ ರಕ್ತ, ವಂಶ ಅಂತ ಏನಾದರೂ ಅಳುಕಿದ್ದರೆ ನಾನಾಗಲಿ ನೀವಾಗಲಿ ವಾದ ಮಾಡುವುದಕ್ಕಿಂತ ಆ ಓದನ್ನು ಅವರ ಪಕ್ಕದಲ್ಲಿ ಕೂತು ಕೇಳಿ.

ನೂರು ಜನರ ಊಟ 25ಕ್ಕೆ ಬೇಡ. ಅವತ್ತು ಮನೆಯವರಷ್ಟೇ ಇರಿ. ಕ್ರಿಸ್‌ಮಸ್ ಕಳೆದು ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬವಲ್ಲವೇ, ಅವತ್ತು ತೀರಾ ಹತ್ತಿರದ ಹತ್ತು ಹನ್ನೆರಡು ಜನರನ್ನು ಕರೆಯಿರಿ, ಪಾಪು ಮಲಗಿ ಎದ್ದ ಹೊತ್ತಿಗೆ ಬಂದು ಎರಡು ಗಂಟೆಯಲ್ಲಿ ಹೊರಡುವ ಹಾಗೆ. ನೂರು ಜನರ ಬಿರಿಯಾನಿ ಆದೇಶ ಬಂದ ಮೇಲೆ, ದೀಕ್ಷಾಸ್ನಾನದ ದಿನಕ್ಕೆ ಇರಲಿ. ಕ್ಯಾರಲ್ಸ್ ತಂಡ ಮನೆಗೆ ಬಂದರೆ ಡ್ರಮ್ ಹೊರಗೇ ಇರಲಿ. ಕ್ರಿಸ್‌ಮಸ್ ತಾತನ ವೇಷದವರು ಪಾಪುವನ್ನು ಎತ್ತಿಕೊಂಡು ಫೋಟೋ ತೆಗೆಸುವುದು ಮಾತ್ರ ಈ ವರ್ಷ ಖಂಡಿತ ಬೇಡ. ಮುಖವೇ ಕಾಣದ, ಹತ್ತಿ ಗಡ್ಡದ ಇನ್ನೊಬ್ಬ ಅಪರಿಚಿತ ಬಂದು ಎತ್ತಿಕೊಂಡರೆ, ಎರಡು ತಿಂಗಳ ಹಿಂದೆ ನೀವಿಬ್ಬರು ಎತ್ತಿಕೊಂಡದ್ದಕ್ಕೂ ಇದಕ್ಕೂ ಅವಳಿಗೆ ಏನು ವ್ಯತ್ಯಾಸ?

ದೀಕ್ಷಾಸ್ನಾನವನ್ನು ಆದೇಶದ ತನಕ ತಡೆಯಿರಿ ಅಂತ ಯಾಕೆ ಹೇಳಿದೆ ಅಂದರೆ, ಇವತ್ತಿನ ಕಾಗದದ ಪ್ರಕಾರ ಮಗು ನಿಮ್ಮಲ್ಲಿ ದತ್ತುಪೂರ್ವ ಪೋಷಣೆಯಲ್ಲಿದೆ, ಅಂದರೆ ಆದೇಶ ಬರುವ ತನಕ ಸಾಕಲು ಕೊಟ್ಟಿದ್ದಾರೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ಕೋರ್ಟಿನ ಬದಲು ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಅರ್ಜಿ ಹೋದ ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕು ಅನ್ನುವುದು ನಿಯಮ. ತಡವಾಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಹೋಗಿ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಆದೇಶವಾದ ಮೇಲೆ ನಿಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ ಬರುತ್ತದೆ, ಚರ್ಚಿನ ದಾಖಲೆ ಪುಸ್ತಕವೂ ಅದಕ್ಕೆ ತಾಳೆಯಾಗುವ ಹಾಗೆ ಬರೆಯಬಹುದು. ಈಗ ಆತುರದಲ್ಲಿ ಬರೆಸಿ ಆಮೇಲೆ ತಿದ್ದಿಸಲು ಅಲೆಯುವುದು ಯಾಕೆ? ಫಾದರ್ ಹತ್ತಿರ ಬಿಡಿಸಿ ಹೇಳಿದರೆ ಅವರೂ ಇದನ್ನೇ ಹೇಳುವರು ಅಂದುಕೊಂಡಿದ್ದೇನೆ. ಅಲ್ಲಿಯತನಕ ಪಾಪುವಿನ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ ಹಾಕಬೇಡಿ. ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ.

ಈ ಕಾಗದದ ಬೆಲೆ ನನಗೆ ಗೊತ್ತಾದದ್ದು ಆ ಅಚ್ಚು ಮುರುಕಿನ ಆಂಟಿಯಿಂದ. ಅವರೂ ಒಂದು ಹುಡುಗಿಯನ್ನು ತಂದು ಸಾಕಿದ್ದರು. 1956ರ ದತ್ತಕ ಕಾಯ್ದೆ ಇರುವುದು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ. ಕ್ರೈಸ್ತರಿಗೆ ಆಗ ಇದ್ದದ್ದು 1890ರ ಪಾಲಕರ ಕಾಯ್ದೆ ಒಂದೇ. ಸಾಕಿ ಸಲಹಿದರೂ ಕಾಗದದಲ್ಲಿ ಆಂಟಿ ‘ಪಾಲಕಿ’, ಅಮ್ಮ ಅಲ್ಲ. ಹುಡುಗಿ ಪ್ರಾಪ್ತ ವಯಸ್ಸಿಗೆ ಬಂದ ದಿನ ಆ ಪಾಲಕತ್ವವೂ ಮುಗಿಯುತ್ತದೆ. ಶಾಲೆಯ ಅರ್ಜಿಯಲ್ಲಿ ಸಂಬಂಧ ಅನ್ನುವ ಕಡೆ ಏನು ಬರೆಯಬೇಕು ಅಂತ ಅವರು ನಮ್ಮಪ್ಪನನ್ನು ಕೇಳಲು ಬಂದದ್ದು ನೆನಪಿದೆ. 2000ದ ಬಾಲನ್ಯಾಯ ಕಾಯ್ದೆ, 2006ರ ಅದರ ತಿದ್ದುಪಡಿ ಬಂದ ಮೇಲೆ ಧರ್ಮ ಯಾವುದೇ ಇರಲಿ, ಪೂರ್ತಿ ದತ್ತು ಸಾಧ್ಯವಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. ನಿಮಗೆ ಬರಲಿರುವ ಆದೇಶದಿಂದ ಅವಳು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಇರುವ ಎಲ್ಲ ಹಕ್ಕಿನ ಮಗಳು. ಆಂಟಿಗೆ ಸಿಗದೇ ಹೋದದ್ದು ಅದು.

ದತ್ತು ಅಂತ ಹೇಳಬೇಕೋ ಬೇಡವೋ? ಹೇಳಬೇಕು. ಇದರಲ್ಲಿ ನಾನೇ ಒಂದು ಸಲ ಎಡವಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಒಬ್ಬ ದಂಪತಿ ಇದೇ ಪ್ರಶ್ನೆ ಕೇಳಿದ್ದರು. ‘ದೊಡ್ಡವಳಾಗಲಿ, ಬುದ್ಧಿ ಬಂದ ಮೇಲೆ ಹೇಳಿದರಾಯಿತು’ ಅಂದುಬಿಟ್ಟೆ. ಆಗ ನನಗೆ ಅದು ಜಾಣತನ ಅನ್ನಿಸಿತ್ತು. ಹುಡುಗಿಗೆ ಹದಿಮೂರು ವರ್ಷವಾದಾಗ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಹೆಂಗಸು ಇನ್ನೊಬ್ಬರಿಗೆ ಹೇಳುತ್ತಿದ್ದುದು ಇವಳ ಕಿವಿಗೆ ಬಿತ್ತು. ಒಂದು ವಾರ ಊಟ ಬಿಟ್ಟಿದ್ದಾಳೆ ಅಂತ ಕ್ಲಿನಿಕ್ಕಿಗೆ ಕರೆತಂದರು. ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ‘ಡಾಕ್ಟ್ರೇ, ನಿಮಗೂ ಗೊತ್ತಿತ್ತಾ?’ ಅಂದಳು. ಹೂಂ ಅನ್ನದೆ ಬೇರೆ ದಾರಿ ಇರಲಿಲ್ಲ. ದತ್ತು ಅನ್ನುವುದಕ್ಕಲ್ಲ ಅವಳ ಸಿಟ್ಟು, ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿರಲಿಲ್ಲವಲ್ಲ ಅನ್ನುವುದಕ್ಕೆ.

ಹಾಗಾಗಿ ಈಗಿನಿಂದಲೇ ಶುರು ಮಾಡಿ. ಹತ್ತು ತಿಂಗಳ ಮಗುವಿಗೆ ಏನು ಅರ್ಥವಾಗುತ್ತದೆ ಅನ್ನಬೇಡಿ. ಅವಳಿಗಲ್ಲ, ನಿಮ್ಮ ನಾಲಿಗೆಗೆ ಅಭ್ಯಾಸವಾಗಬೇಕು. ಸ್ನಾನ ಮಾಡಿಸುವಾಗ ‘ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಕಾರಲ್ಲಿ ಬಂದು ನಿನ್ನ ಕರ್ಕೊಂಡು ಬಂದ್ವಿ, ನೀನು ದಾರಿ ಉದ್ದಕ್ಕೂ ಅತ್ತೆ, ಕೋಲಾರ ಬಂದಾಗ ನಿದ್ದೆ ಮಾಡಿದೆ’ ಅಂತ ಕತೆ ಹೇಳಿ. ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ತೋರಿಸುವಾಗ ಜೋಸೆಫರ ಗೊಂಬೆಯನ್ನೂ ತೋರಿಸಿ, ಮುಂದಿನ ವರ್ಷಗಳಲ್ಲಿ ಅದು ತಾನಾಗಿ ಮಾತಿಗೆ ಬರುತ್ತದೆ. ನೆಂಟರಿಗೆ ‘ದತ್ತು ತಗೊಂಡಿದ್ದೀವಿ’ ಅನ್ನುವುದಷ್ಟೇ ಸಾಕು. ಹೆತ್ತವಳು ಯಾರು, ಯಾಕೆ ಬಿಟ್ಟಳು, ಎಲ್ಲಿ ಸಿಕ್ಕಿದಳು ಅನ್ನುವುದು ನಿಮಗೆ ಗೊತ್ತಿದ್ದರೂ ಹೇಳಬೇಡಿ, ಅತ್ತೆಗೂ ಹೇಳಬೇಡಿ. ಅದು ಮಗುವಿನ ಸ್ವತ್ತು, ಮೊದಲು ಕೇಳುವ ಹಕ್ಕು ಅವಳದು. ‘ಎಂಥ ಪುಣ್ಯದ ಕೆಲಸ ಮಾಡಿದ್ರಿ’ ಅಂತ ಹೊಗಳುವವರು ಬಂದೇ ಬರುತ್ತಾರೆ. ಒಳ್ಳೇ ಮನಸ್ಸಿನಿಂದಲೇ ಅನ್ನುತ್ತಾರೆ, ಆದರೆ ದಿನಾ ಕೇಳಿ ಬೆಳೆದ ಮಗು ತಾನು ಯಾರದೋ ದಾನ ಅಂದುಕೊಳ್ಳುತ್ತದೆ. ‘ನಮಗೆ ಮಗು ಬೇಕಿತ್ತು, ಬಂದಳು, ಕೇಕ್ ತಗೊಳ್ಳಿ’ ಅಂತ ತಟ್ಟೆ ಮುಂದೆ ಮಾಡಿ.

ಕೇಕ್ ಅಂದ ಮೇಲೆ ತಿನ್ನುವ ವಿಷಯವನ್ನೂ ಹೇಳಿಬಿಡುತ್ತೇನೆ. ಜೇನು ಒಂದು ವರ್ಷದ ತನಕ ನೆಕ್ಕಿಸಲೂ ಬೇಡ, ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಶಿಶುಗಳ ಕರುಳಿನಲ್ಲಿ ವಿಷ ಕಾರುತ್ತದೆ. ರಮ್ಮಿನಲ್ಲಿ ನೆನೆದ ಹಣ್ಣಿನ ಪ್ಲಮ್ ಕೇಕ್ ಬೇಡ. ತಾತಂದಿರು ತಮಾಷೆಗೆ ಮನೆಯ ವೈನನ್ನು ಬೆರಳಿನಲ್ಲಿ ಅದ್ದಿ ನಾಲಿಗೆಗೆ ಹಚ್ಚುವುದೂ ಬೇಡ. ಇಡೀ ದ್ರಾಕ್ಷಿ, ಗೋಡಂಬಿ, ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿ ಕೊಡಲೇಬೇಕಿದ್ದರೆ ಬೀಜ ತೆಗೆದು ಉದ್ದಕ್ಕೆ ನಾಲ್ಕು ಸೀಳು ಮಾಡಿ. ನಮ್ಮದು ಹಾಲಿನ ಜಿಲ್ಲೆ, ಮನೆಮನೆಯಲ್ಲೂ ಹಸುವಿನ ಹಾಲಿನ ಸಲಹೆ ಸಿಗುತ್ತದೆ. ಸಂಸ್ಥೆಯಲ್ಲಿ ಯಾವ ಪುಡಿ ಹಾಲು ಕೊಡುತ್ತಿದ್ದರೋ ಹಬ್ಬದ ವಾರ ಅದೇ ಇರಲಿ, ಬದಲಾವಣೆ ಏನಿದ್ದರೂ ನನ್ನನ್ನು ಕೇಳಿ.

ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಗೋದಲಿ ನೆಲದ ಮೇಲೆ ಬೇಡ, ಎತ್ತರದ ಮೇಜಿನ ಮೇಲೆ ಮಾಡಿ. ಒಣ ಹುಲ್ಲು, ಸೀರಿಯಲ್ ಸೆಟ್ಟು ಒಂದು ಕಡೆ, ಬೆರಳುದ್ದದ ಬಾಲಯೇಸುವಿನ ಗೊಂಬೆ ಇನ್ನೊಂದು ಕಡೆ. ಅದು ನೇರ ಬಾಯಿಗೇ ಹೋಗುವುದು. ಈಚೆಗೆ ಬಂದಿರುವ ಮಿಣುಕು ಮೇಣದಬತ್ತಿ, ಹಾಡುವ ಆಟಿಕೆಗಳಲ್ಲಿ ಬಟನ್ ಸೆಲ್ ಅನ್ನುವ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಇರುತ್ತದೆ. ನುಂಗಿದರೆ ಅನ್ನನಾಳವನ್ನು ಎರಡೇ ಗಂಟೆಯಲ್ಲಿ ಸುಟ್ಟು ತೂತು ಮಾಡಬಲ್ಲದು. ಅನುಮಾನ ಬಂದರೂ ಸಾಕು, ಹಬ್ಬದ ಊಟ ಬಿಟ್ಟು ಆಸ್ಪತ್ರೆಗೆ ಓಡಿ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ಇದ್ದರೆ ನಿಲ್ಲಿಸಿ. ನೆಗಡಿ ಬಂದು, ಮಲಗಿದ್ದಾಗಲೂ ನಿಮಿಷಕ್ಕೆ ಐವತ್ತಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಹಾಲು ಬಿಟ್ಟರೆ, ಬೆಳಗಾಗಲಿ ಅಂತ ಕಾಯಬೇಡಿ.

ಸಂಸ್ಥೆಯವರು ಕೊಟ್ಟ ಲಸಿಕೆ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕಬೇಕಾದ ದಡಾರ ರುಬೆಲ್ಲಾ ಲಸಿಕೆ ಆಗಿದೆಯೇ? ಕೋಲಾರದಲ್ಲಿ ಅದರ ಜೊತೆಗೇ ಮೆದುಳು ಜ್ವರದ ಲಸಿಕೆಯನ್ನೂ ಕೊಡುತ್ತಾರೆ. ಮಗು ನಿಮ್ಮಲ್ಲಿಗೆ ಬಂದಾಗ ಎಂಟೇ ತಿಂಗಳಾದ್ದರಿಂದ ಸಂಸ್ಥೆಯಲ್ಲಿ ಇವನ್ನು ಹಾಕಿರಲಿಕ್ಕಿಲ್ಲ. ಕ್ರಿಸ್‌ಮಸ್‌ಗೆ ಒಂದು ವಾರ ಇರುವಾಗಲೇ ಮೂರು ಜನವೂ ಬನ್ನಿ, ಅತ್ತೆಯನ್ನೂ ಕರೆದುಕೊಂಡು ಬನ್ನಿ, ಅವರ ಹತ್ತಿರ ನಾನೇ ಮಾತಾಡುತ್ತೇನೆ. ಸೂಜಿ ಚುಚ್ಚುವಾಗ ನಿಮ್ಮ ತೊಡೆಯ ಮೇಲೇ ಇರಬೇಕು ಪಾಪು. ಹೆಗಲ ಮೇಲೆ ಆ ಟವಲ್ ಇರಲಿ.